ಬನ್ನೂರು ಎಂಬ ಕ್ಷೇತ್ರವಿತ್ತು

2004ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಮೈಸೂರು ಜಿಲ್ಲೆಯಲ್ಲಿ 11 ಕ್ಷೇತ್ರಗಳಿದ್ದವು. 2008ರಲ್ಲೂ 11 ಇದ್ದವು. ಸಂಖ್ಯೆ ಬದಲಾಗದ ಕಾರಣ ಜಿಲ್ಲೆಯ ಹೊರಗಿನವರಿಗೆ ಏನೂ ಆದಂತೆ ಕಾಣಲಿಲ್ಲ. ಆದರೆ ಆ ನಾಲ್ಕು ವರ್ಷಗಳ ನಡುವೆ ಪಟ್ಟಿಯಿಂದ ಒಂದು ಹೆಸರು ಹೋಗಿ, ಇನ್ನೊಂದು ಬಂದು ಕೂತಿತ್ತು. ಹೋದದ್ದು ಬನ್ನೂರು, ಬಂದದ್ದು ವರುಣಾ.

ಬನ್ನೂರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹೋಬಳಿ. ಮೈಸೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಕುರಿ ಸಾಕುವವರಿಗೆ, ಮಾಂಸದ ರುಚಿ ಬಲ್ಲವರಿಗೆ ಈ ಹೆಸರನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸುತ್ತ ಕಾವೇರಿ ನೀರಿನ ಗದ್ದೆ, ಕಬ್ಬು, ಮಂಡ್ಯ ಸೀಮೆಗೆ ತಾಗಿಕೊಂಡ ನಂಟಸ್ತನ. ದಶಕಗಳ ಕಾಲ ಈ ಊರಿನ ಹೆಸರಿನಲ್ಲಿ ಒಬ್ಬ ಶಾಸಕರು ವಿಧಾನಸೌಧದಲ್ಲಿ ಕೂರುತ್ತಿದ್ದರು. 1999ರಲ್ಲಿ ಇಲ್ಲಿಂದ ಸುನೀತಾ ವೀರಪ್ಪಗೌಡ ಗೆದ್ದಿದ್ದರು. ಹೆಣ್ಣುಮಕ್ಕಳನ್ನು ವಿಧಾನಸಭೆಗೆ ಕಳಿಸಿದ ಕ್ಷೇತ್ರಗಳು ಹಳೆ ಮೈಸೂರಿನಲ್ಲಿ ಎಷ್ಟು ಕಡಿಮೆ ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಈಗ ಬನ್ನೂರಿನ ಮತದಾರರು ಟಿ. ನರಸೀಪುರದ ಶಾಸಕರನ್ನು ಆರಿಸುತ್ತಾರೆ. ಊರಿಗೆ ಪುರಸಭೆ ಇದೆ, ಹೋಬಳಿಯೂ ಉಳಿದಿದೆ. ಕ್ಷೇತ್ರ ಮಾತ್ರ ಇಲ್ಲ.

ಅದರ ಕಥೆಯನ್ನು ಈಗ ಹೇಳುವುದಕ್ಕೆ ಕಾರಣವಿದೆ. ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳಲ್ಲಿ 2016ರಲ್ಲಿ ಜನ ಮತ ಹಾಕಿ ತುಂಬಿದ್ದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಕ್ಷೇತ್ರಗಳು 2021ರಲ್ಲಿ ಖಾಲಿಯಾದವು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬನ್ನೂರು ಕ್ಷೇತ್ರವನ್ನು ತೆಗೆಯಲು ಒಂದು ಕಾನೂನಿತ್ತು, ಒಂದು ಆಯೋಗವಿತ್ತು, ಕರಡು ಪಟ್ಟಿ, ಆಕ್ಷೇಪಣೆ, ಅಂತಿಮ ಆದೇಶ ಎಲ್ಲವೂ ಇದ್ದವು. ಸ್ಥಳೀಯ ಕ್ಷೇತ್ರಗಳನ್ನು ಹಾಗೆ ಯಾರೂ ತೆಗೆದುಹಾಕಲಿಲ್ಲ. ಅವು ಸದಸ್ಯರಿಲ್ಲದೆ ಸುಮ್ಮನೆ ಉಳಿದವು. ಎರಡನ್ನೂ ಒಟ್ಟಿಗೆ ನೋಡಿದರೆ, ಹಳ್ಳಿಯ ಪ್ರಾತಿನಿಧ್ಯ ಎಷ್ಟು ಬಗೆಯಲ್ಲಿ ಕಳೆದುಹೋಗಬಹುದು ಎಂಬುದು ತಿಳಿಯುತ್ತದೆ.

ಮೊದಲು 2008ರದ್ದನ್ನು ಮುಗಿಸೋಣ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಬಂದ ಸಂವಿಧಾನದ 42ನೆಯ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳ ಸ್ಥಾನಗಳನ್ನು 1971ರ ಜನಗಣತಿಯ ಮಟ್ಟದಲ್ಲೇ ನಿಲ್ಲಿಸಿಬಿಟ್ಟಿತು. ಗಡಿಗಳೂ ಹಾಗೇ ನಿಂತವು. ಆ ಮೂರು ದಶಕಗಳಲ್ಲಿ ಬೆಂಗಳೂರು ಬೆಳೆಯಿತು, ಮೈಸೂರು ತನ್ನ ಸುತ್ತಲ ಹಳ್ಳಿಗಳ ಮೇಲೆ ಹಬ್ಬಿತು. ಒಂದು ಕ್ಷೇತ್ರದಲ್ಲಿ ಲಕ್ಷಾಂತರ ಮತದಾರರು ಸೇರಿಕೊಂಡರೆ ಇನ್ನೊಂದರಲ್ಲಿ ಅದರ ಒಂದು ಪಾಲು ಮಾತ್ರ ಉಳಿದರು. ಒಬ್ಬರ ಮತದ ತೂಕ ಇನ್ನೊಬ್ಬರ ಮತದ ತೂಕಕ್ಕೆ ಸಮನಾಗಿರಲಿಲ್ಲ. ಇದನ್ನು ಸರಿಪಡಿಸಲು 2002ರಲ್ಲಿ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆ ಬಂತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಗಡಿಗಳನ್ನು ಹೊಸದಾಗಿ ಎಳೆಯಿತು. ರಾಜ್ಯದ ಒಟ್ಟು ಸ್ಥಾನ 224ರಲ್ಲಿ ಒಂದೂ ಹೆಚ್ಚಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಹಾಗಾಗಿ ಒಂದು ಕಡೆ ಹೊಸ ಕ್ಷೇತ್ರ ಹುಟ್ಟಬೇಕಾದರೆ ಇನ್ನೊಂದು ಕಡೆ ಹಳೆಯದು ಅಳಿಯಲೇಬೇಕಿತ್ತು. 2008ರ ಫೆಬ್ರುವರಿ 19ರಂದು ಹೊಸ ಗಡಿಗಳು ಜಾರಿಗೆ ಬಂದವು. ಆಗ ಕರ್ನಾಟಕದಲ್ಲಿ ರಾಷ್ಟ್ರಪತಿ ಆಳ್ವಿಕೆ. ಅದೇ ಮೇ ತಿಂಗಳಲ್ಲಿ ನಡೆದ ನಮ್ಮ ಚುನಾವಣೆಯೇ ದೇಶದಲ್ಲಿ ಹೊಸ ಗಡಿಗಳಂತೆ ನಡೆದ ಮೊದಲ ವಿಧಾನಸಭಾ ಚುನಾವಣೆ.

ಈ ಎರಡು ತಾಲ್ಲೂಕುಗಳಲ್ಲಿ ಆದದ್ದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿನವರೇ ಎಷ್ಟೋ ಜನ ಇವತ್ತಿಗೂ ಗೊಂದಲದಲ್ಲಿದ್ದಾರೆ. ಮೈಸೂರು, ನಂಜನಗೂಡು, ಟಿ. ನರಸೀಪುರ ಈ ಮೂರೂ ತಾಲ್ಲೂಕುಗಳಿಂದ ಒಂದೊಂದು ಭಾಗ ತೆಗೆದು ವರುಣಾ ಕ್ಷೇತ್ರ ಮಾಡಿದರು. ನಂಜನಗೂಡು ತಾಲ್ಲೂಕಿನ ಬಿಳಿಗೆರೆ, ಸುತ್ತೂರಿನಂಥ ಊರುಗಳು ನಂಜನಗೂಡು ವಿಧಾನಸಭಾ ಕ್ಷೇತ್ರದಲ್ಲಿಲ್ಲ, ವರುಣಾದಲ್ಲಿವೆ. ಟಿ. ನರಸೀಪುರ ತಾಲ್ಲೂಕು ತನ್ನ ಒಂದು ಪಾಲನ್ನು ವರುಣಾಕ್ಕೆ ಬಿಟ್ಟುಕೊಟ್ಟು, ಬನ್ನೂರನ್ನು ತನ್ನ ಕ್ಷೇತ್ರದೊಳಕ್ಕೆ ಸೇರಿಸಿಕೊಂಡಿತು. ಹೀಗಾಗಿ ಸುತ್ತೂರಿನ ರೈತರು ಪಹಣಿಗೆ, ಪೌತಿ ಖಾತೆಗೆ ನಂಜನಗೂಡಿನ ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಅವರ ಶಾಸಕರು ವರುಣಾದವರು, ಸಂಸದರು ಚಾಮರಾಜನಗರದವರು, ಜಿಲ್ಲಾ ಪಂಚಾಯಿತಿ ಮೈಸೂರಿನದು. 1997ರ ಆಗಸ್ಟ್‌ನಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾದರೂ ಲೋಕಸಭೆಯ ಲೆಕ್ಕದಲ್ಲಿ ನಂಜನಗೂಡು, ಟಿ. ನರಸೀಪುರ ಎರಡೂ ಅದರ ಜೊತೆಯಲ್ಲೇ ಉಳಿದವು. ಒಂದೊಂದು ಕೆಲಸಕ್ಕೆ ಒಂದೊಂದು ಊರಿನ ದಿಕ್ಕಿಗೆ ತಿರುಗಬೇಕಾದ ಸ್ಥಿತಿ ಇದು.

ಇನ್ನೊಂದು ಬದಲಾವಣೆಯನ್ನು ಮರೆಯುವಂತಿಲ್ಲ. ನಂಜನಗೂಡು ಅಲ್ಲಿಯವರೆಗೆ ಸಾಮಾನ್ಯ ಕ್ಷೇತ್ರ. 1989ರಿಂದ 2004ರವರೆಗೆ ಎಂ. ಮಹದೇವ್ ಮತ್ತು ಡಿ.ಟಿ. ಜಯಕುಮಾರ್ ಅವರ ನಡುವೆ ಕೈ ಬದಲಾಗುತ್ತಿತ್ತು. 2008ರಲ್ಲಿ ಅದು ಪರಿಶಿಷ್ಟ ಜಾತಿಗೆ ಮೀಸಲಾಯಿತು. ಟಿ. ನರಸೀಪುರ ಅದಕ್ಕೂ ಮೊದಲೇ ಮೀಸಲು ಕ್ಷೇತ್ರವಾಗಿತ್ತು. ಕಪಿಲೆಯ ದಂಡೆಯ ಈ ಎರಡು ಅಕ್ಕಪಕ್ಕದ ತಾಲ್ಲೂಕುಗಳಲ್ಲಿ ದಲಿತರ ಜನಸಂಖ್ಯೆ ದೊಡ್ಡದು. ಅವರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಹೀಗೆ ಸಿಕ್ಕಿದ್ದು ನ್ಯಾಯವೇ. 2008 ಮತ್ತು 2013ರಲ್ಲಿ ನಂಜನಗೂಡಿನಿಂದ ಗೆದ್ದ ವಿ. ಶ್ರೀನಿವಾಸ ಪ್ರಸಾದ್ ಅದಕ್ಕೂ ಮೊದಲು ಚಾಮರಾಜನಗರದಿಂದ ಐದು ಬಾರಿ ಲೋಕಸಭೆಗೆ ಆಯ್ಕೆಯಾಗಿದ್ದವರು. ಟಿ. ನರಸೀಪುರದಲ್ಲಿ ಡಾ. ಎಚ್.ಸಿ. ಮಹದೇವಪ್ಪ 2004ರಲ್ಲೂ ಗೆದ್ದರು, 2008ರಲ್ಲೂ ಗೆದ್ದರು. ಆದರೆ ಆ ಎರಡು ಗೆಲುವುಗಳ ನಡುವೆ ಅವರ ಪಕ್ಷವೂ ಬೇರೆಯಾಗಿತ್ತು, ಮತದಾರರಲ್ಲಿ ಒಂದು ದೊಡ್ಡ ಭಾಗವೂ ಬೇರೆಯಾಗಿತ್ತು.

ಹೊಸ ವರುಣಾಕ್ಕೆ ಮೊದಲ ಶಾಸಕರಾದವರು ಸಿದ್ದರಾಮಯ್ಯ. 2013ರಲ್ಲೂ 2023ರಲ್ಲೂ ಅವರು ಮುಖ್ಯಮಂತ್ರಿಯಾದದ್ದು ಈ ಕ್ಷೇತ್ರದಿಂದ ಗೆದ್ದೇ. ಹಾಗಾಗಿ ಮೊನ್ನೆ ಮೊನ್ನೆ ಹುಟ್ಟಿದ ಈ ಹೆಸರು ಇಡೀ ರಾಜ್ಯಕ್ಕೆ ಗೊತ್ತು. ಬನ್ನೂರು ಕ್ಷೇತ್ರವನ್ನು ನೆನೆಸಿಕೊಳ್ಳುವವರು ಆ ಸೀಮೆಯ ಹಿರಿಯರು ಮಾತ್ರ. ಕೃಷ್ಣರಾಜಸಾಗರದ ನೀರನ್ನು ತರುವ ವರುಣಾ ನಾಲೆ ಕೂಡ ಇದೇ ಮೂರು ತಾಲ್ಲೂಕುಗಳ ಹೊಲಗಳನ್ನು ಮುಟ್ಟುತ್ತದೆ. ಆಯೋಗದವರು ನಾಲೆ ನೋಡಿ ಗೆರೆ ಎಳೆದರು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ನಾಲೆಯ ಅಚ್ಚುಕಟ್ಟಿನಲ್ಲಿ ಬದುಕುವ ಹಳ್ಳಿಗಳಿಗೆ ಒಂದೇ ಬಗೆಯ ತಾಪತ್ರಯಗಳಿರುತ್ತವೆ, ಒಂದೇ ಎಂಜಿನಿಯರ ಕಚೇರಿಗೆ ಅಲೆದಾಟವಿರುತ್ತದೆ. ಹಾಗೆ ನೋಡಿದರೆ ತಾಲ್ಲೂಕಿನ ಗಡಿ ದಾಟಿ ಹುಟ್ಟಿದ ಕ್ಷೇತ್ರಕ್ಕೂ ಒಂದು ಅರ್ಥವಿದೆ.

ಅದೇ ಆದೇಶದಲ್ಲಿ ಪಕ್ಕದ ಸಂತೇಮರಹಳ್ಳಿಯೂ ಹೋಯಿತು. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರೆ ಎ.ಆರ್. ಕೃಷ್ಣಮೂರ್ತಿ 40,751 ಮತ ಪಡೆದು ಒಂದೇ ಒಂದು ಮತದಿಂದ ಸೋತಿದ್ದರು. ಒಂದು ಮತಕ್ಕೆ ಎಷ್ಟು ಬೆಲೆ ಎಂದು ಮತದಾರರ ಜಾಗೃತಿ ಸಭೆಗಳಲ್ಲಿ ಇಂದಿಗೂ ಹೇಳುವ ಉದಾಹರಣೆ ಅದು. ಆ ಕ್ಷೇತ್ರಕ್ಕೆ ಅದೇ ಕೊನೆಯ ಸಾರ್ವತ್ರಿಕ ಚುನಾವಣೆಯಾಯಿತು.

ಬನ್ನೂರನ್ನು ತೆಗೆದದ್ದು ತಪ್ಪೇ? ಜನಸಂಖ್ಯೆಯ ಲೆಕ್ಕದಲ್ಲಿ ತಪ್ಪಲ್ಲ. ಊರಿನ ಹೆಮ್ಮೆಗಾಗಿ ಇನ್ನೊಬ್ಬರ ಮತದ ತೂಕವನ್ನು ಕಡಿಮೆ ಮಾಡುವ ಹಕ್ಕು ಯಾವ ಊರಿಗೂ ಇಲ್ಲ. ಆದರೆ ಕಳೆದುಕೊಂಡದ್ದೂ ನಿಜ. ಕ್ಷೇತ್ರದ ಹೆಸರಿರುವ ಊರಿಗೆ ಶಾಸಕರ ಕಚೇರಿ ಬರುತ್ತದೆ, ಇಲಾಖೆಗಳ ಕಣ್ಣು ಬೀಳುತ್ತದೆ, ಪಕ್ಷಗಳ ನಾಯಕತ್ವ ಅಲ್ಲಿಂದ ಬೆಳೆಯುತ್ತದೆ. ಬೇರೆ ಊರಿನ ಹೆಸರಿನ ಕ್ಷೇತ್ರದ ಅಂಚಿಗೆ ಬಿದ್ದ ಮೇಲೆ ಅವೆಲ್ಲ ನಿಧಾನವಾಗಿ ಬತ್ತುತ್ತವೆ. ಇಂಥ ನಷ್ಟವನ್ನು ತುಂಬಿಕೊಡಬೇಕಾದದ್ದು ಕೆಳಗಿನ ಹಂತದ ಪ್ರಾತಿನಿಧ್ಯ, ಎಂದರೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಸದಸ್ಯರು. ವಿಧಾನಸಭಾ ಕ್ಷೇತ್ರ ದೊಡ್ಡದಾದಷ್ಟೂ ಹೋಬಳಿಯ ಮಟ್ಟದಲ್ಲಿ ಮಾತಾಡುವವರು ಬೇಕಾಗುತ್ತಾರೆ. ಆ ಹಂತದ ಚರಿತ್ರೆ ಇನ್ನೂ ಹಳೆಯದು, ಇನ್ನೂ ಏರುಪೇರಿನದು.

1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರಿದ ಮೊದಲ ಸಭೆಗೆ 144 ಪ್ರತಿನಿಧಿಗಳು. ತಾಲ್ಲೂಕುಗಳಿಂದ ಜಮೀನುದಾರರು, ಜಿಲ್ಲೆಗಳಿಂದ ವರ್ತಕರು. ಅಲ್ಲಿ ಬಡ ರೈತನಿಗಾಗಲಿ, ಹೊಲೆಗೇರಿಯವರಿಗಾಗಲಿ, ಹೆಂಗಸರಿಗಾಗಲಿ ಜಾಗವಿರಲಿಲ್ಲ. ಆದರೆ ತಾಲ್ಲೂಕನ್ನೇ ಒಂದು ಕ್ಷೇತ್ರವೆಂದು ಎಣಿಸುವ ಅಭ್ಯಾಸ ಅಲ್ಲಿಂದ ಬಂತು. ಆಮೇಲೆ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಬಂದವು. 1926ರ ಕಾನೂನು ತಾಲ್ಲೂಕು ಬೋರ್ಡುಗಳನ್ನು ರದ್ದುಮಾಡಿ ಜಿಲ್ಲಾ ಬೋರ್ಡುಗಳನ್ನು ಉಳಿಸಿಕೊಂಡಿತು. ಸ್ವಾತಂತ್ರ್ಯ ಬಂದು, ರಾಜ್ಯ ಒಂದಾಗಿ, 1959ರ ಕಾಯ್ದೆ ಬಂದಾಗ ಇದು ತಿರುವುಮುರುವಾಯಿತು. ಜಿಲ್ಲಾ ಮಟ್ಟದಲ್ಲಿ ಸಲಹೆ ಕೊಡುವ ಪರಿಷತ್ತು ಮಾತ್ರ ಉಳಿದು, ಜನರಿಂದ ನೇರವಾಗಿ ಆಯ್ಕೆಯಾಗುವ ತಾಲ್ಲೂಕು ಅಭಿವೃದ್ಧಿ ಮಂಡಳಿಗೆ ಬಲ ಬಂತು. ಬಿಡಿಒ ಸಾಹೇಬರ ಜೀಪು, ಬ್ಲಾಕ್ ಆಫೀಸು, ತಾಲ್ಲೂಕು ಬೋರ್ಡ್ ಮೆಂಬರ್ರು ಎಂಬ ಮಾತುಗಳೆಲ್ಲ ಆ ಕಾಲದವು. ಈಗ ಎಪ್ಪತ್ತು ದಾಟಿದವರ ಬಾಯಲ್ಲಿ ಇನ್ನೂ ಕೇಳುತ್ತವೆ.

ಆ ಮಂಡಳಿಗಳಿಗೆ ಚುನಾವಣೆ ನಡೆದದ್ದು ಯಾವಾಗ ಎಂದು ನೋಡಿ: 1960ರಲ್ಲಿ, 1968ರಲ್ಲಿ, 1978ರಲ್ಲಿ. ಅವಧಿ ಮುಗಿದರೂ ಮುಂದಕ್ಕೆ ಹಾಕುವುದು, ಅಧಿಕಾರಿಗಳ ಕೈಗೆ ಕೊಡುವುದು ಹೊಸ ರೋಗವಲ್ಲ. 1978ರ ಚುನಾವಣೆಯಲ್ಲೇ ಸಿದ್ದರಾಮಯ್ಯ ಮೈಸೂರು ತಾಲ್ಲೂಕು ಬೋರ್ಡಿಗೆ ಸದಸ್ಯರಾಗಿ ಗೆದ್ದದ್ದು. ಅವರ ರಾಜಕೀಯದ ಮೊದಲ ಮೆಟ್ಟಿಲು ಅದು. ಇನ್ನೂ ಹತ್ತು ವರ್ಷ ಚುನಾವಣೆ ತಳ್ಳಿದ್ದರೆ ಆ ಮೆಟ್ಟಿಲೇ ಇರುತ್ತಿರಲಿಲ್ಲ. ಹೀಗೆ ತಳ್ಳಿದ ಪ್ರತಿಯೊಂದು ಚುನಾವಣೆಯಲ್ಲೂ ಹುಟ್ಟದೇ ಹೋದ ನಾಯಕರು ಯಾರು ಯಾರು ಎಂದು ಲೆಕ್ಕ ಇಡುವವರಿಲ್ಲ.

ಇಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಂಜನಗೂಡಿನಿಂದ ದಕ್ಷಿಣಕ್ಕೆ ಊಟಿ ರಸ್ತೆಯಲ್ಲಿ ಹೋದರೆ ಸಿಗುವ ಗುಂಡ್ಲುಪೇಟೆಯವರು ಅವರು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು. ಬೋರ್‌ವೆಲ್‌ಗಿಂತ ಆಳವಾದ ಇನ್ನೊಂದು ಕೆಲಸವನ್ನೂ ಅವರು ಮಾಡಿದರು. 1983ರ ಜಿಲ್ಲಾ ಪರಿಷತ್, ತಾಲ್ಲೂಕು ಪಂಚಾಯಿತಿ ಸಮಿತಿ, ಮಂಡಲ ಪಂಚಾಯಿತಿ ಕಾಯ್ದೆಯನ್ನು ತಂದರು. ರಾಷ್ಟ್ರಪತಿಗಳ ಅಂಕಿತ ಬಿದ್ದು ಅದು ಜಾರಿಯಾಗುವಷ್ಟರಲ್ಲಿ 1985 ಬಂತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು.

ಆ ಕಾಯ್ದೆಯ ಕ್ಷೇತ್ರಗಳ ಲೆಕ್ಕ ಹೀಗಿತ್ತು. ಸುಮಾರು 8 ಸಾವಿರದಿಂದ 12 ಸಾವಿರ ಜನಕ್ಕೆ ಒಂದು ಮಂಡಲ. ಅದರೊಳಗೆ 500 ಜನಕ್ಕೆ ಒಬ್ಬ ಸದಸ್ಯ. ಜಿಲ್ಲಾ ಪರಿಷತ್ತಿಗೆ 28 ಸಾವಿರ ಜನಕ್ಕೆ ಒಬ್ಬ ಸದಸ್ಯ. ಸ್ಥಾನಗಳಲ್ಲಿ ಕಾಲು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ದೇಶದ ಸಂವಿಧಾನ ಇಂಥ ಮೀಸಲಾತಿಯನ್ನು ಕಡ್ಡಾಯ ಮಾಡುವುದಕ್ಕೂ ಮೊದಲಿನ ಮಾತಿದು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಟ್ಟರು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದವರು ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಡಿಸಿಯವರ ಮುಂದೆ ಕೈಕಟ್ಟಿ ನಿಂತು ಅಭ್ಯಾಸವಾಗಿದ್ದ ಜಿಲ್ಲೆಗಳಲ್ಲಿ ಇದು ಏನನ್ನು ಬದಲಿಸಿತು ಎಂಬುದನ್ನು ಆ ಕಾಲ ಕಂಡವರು ಇವತ್ತಿಗೂ ಹೇಳುತ್ತಾರೆ. ಶಾಲೆಗೆ ಮೇಷ್ಟ್ರು ಬಂದರೋ ಇಲ್ಲವೋ, ಆಸ್ಪತ್ರೆಯಲ್ಲಿ ಔಷಧಿ ಇದೆಯೋ ಇಲ್ಲವೋ ಎಂದು ಕೇಳುವ ಅಧಿಕಾರ ಊರಿನವರಿಗೇ ಬಂತು. ಮಂಡಲದ ಮುಖ್ಯಸ್ಥರಿಗೆ ಪ್ರಧಾನರು ಎಂಬ ಹೆಸರು. ಈ ತಾಲ್ಲೂಕುಗಳಲ್ಲಿ ಆ ಐದು ವರ್ಷ ಪ್ರಧಾನರಾಗಿದ್ದವರನ್ನು ಸಾಯುವವರೆಗೂ ಊರವರು ಹಾಗೇ ಕರೆದರು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರ ಆರಂಭದಲ್ಲಿ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದಾಗ ಎಸ್. ಬಂಗಾರಪ್ಪ ಸರ್ಕಾರ ಹೊಸ ಚುನಾವಣೆ ನಡೆಸಲಿಲ್ಲ. ಆಡಳಿತಾಧಿಕಾರಿಗಳು ಬಂದರು. 28 ಸಾವಿರದ ಲೆಕ್ಕದಲ್ಲಿ ಹುಟ್ಟಿದ ಆ ಕ್ಷೇತ್ರಗಳಿಗೆ ಎರಡನೆಯ ಚುನಾವಣೆಯೇ ನಡೆಯಲಿಲ್ಲ. ಒಂದೇ ಒಂದು ಬಾರಿ ಮತ ಕಂಡು ಅಳಿದುಹೋದ ಕ್ಷೇತ್ರಗಳು ಅವು. ಮಂಡಲಗಳೂ ಹಾಗೇ ಮುಗಿದವು. ನಮ್ಮ ಭಾಗದ ಸ್ಥಳೀಯ ಪ್ರಾತಿನಿಧ್ಯದ ಚರಿತ್ರೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಪುಟ ಇದೇ. ಮೈಸೂರಿನಲ್ಲಿ ಈಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ತರಬೇತಿ ಸಂಸ್ಥೆಗೆ ನಜೀರ್ ಸಾಬ್ ಹೆಸರಿದೆ. ಅವರು ಕಟ್ಟಿದ ವ್ಯವಸ್ಥೆಗೆ ಎರಡನೆಯ ಅವಧಿ ಸಿಕ್ಕಿದ್ದರೆ ಆ ಗೌರವ ಇನ್ನೂ ದೊಡ್ಡದಾಗುತ್ತಿತ್ತು.

ಮುಂದಿನ ಘಟ್ಟ ಎಲ್ಲರಿಗೂ ಗೊತ್ತಿರುವಂಥದ್ದು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದಕ್ಕೆ ತಕ್ಕಂತೆ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಅದೇ ವರ್ಷದ ಮೇ ತಿಂಗಳಲ್ಲಿ ಬಂತು. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ತಾಲ್ಲೂಕು ಪಂಚಾಯಿತಿಗೆ ಮೊದಲಲ್ಲಿ ಸುಮಾರು 10 ಸಾವಿರಕ್ಕೆ ಒಬ್ಬರು, ಜಿಲ್ಲಾ ಪಂಚಾಯಿತಿಗೆ ಸುಮಾರು 40 ಸಾವಿರಕ್ಕೆ ಒಬ್ಬರು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಮೇಲಿನ ಎರಡಕ್ಕೆ ಇದೆ. ಜಿಲ್ಲಾ ಪಂಚಾಯಿತಿ ಕ್ಷೇತ್ರಕ್ಕೆ ಸಾಮಾನ್ಯವಾಗಿ ಅದರೊಳಗಿನ ದೊಡ್ಡ ಊರಿನ ಹೆಸರು. ನಂಜನಗೂಡು ತಾಲ್ಲೂಕಿನಲ್ಲಿ ಕಸಬಾ, ಬಿಳಿಗೆರೆ, ಚಿಕ್ಕಯ್ಯನಛತ್ರ, ಹುಲ್ಲಹಳ್ಳಿ, ದೊಡ್ಡಕವಲಂದೆ ಎಂದು ಐದು ಹೋಬಳಿ, ಟಿ. ನರಸೀಪುರದಲ್ಲಿ ಕಸಬಾ, ಬನ್ನೂರು, ಸೋಸಲೆ, ಮೂಗೂರು, ತಲಕಾಡು ಎಂದು ಐದು. ರೈತರಿಗೆ ಈ ಹತ್ತು ಹೆಸರುಗಳು ನಾಲಗೆಯ ತುದಿಯಲ್ಲಿರುತ್ತವೆ, ಏಕೆಂದರೆ ನಾಡಕಚೇರಿ ಅಲ್ಲಿದೆ. ಜಿಲ್ಲಾ ಪಂಚಾಯಿತಿ ಕ್ಷೇತ್ರ ಹೋಬಳಿಗಿಂತ ಸ್ವಲ್ಪ ಚಿಕ್ಕದೋ ದೊಡ್ಡದೋ ಆಗಿ, ಒಂದು ಹೋಬಳಿಯ ಬಾಲವನ್ನು ಇನ್ನೊಂದಕ್ಕೆ ಅಂಟಿಸಿಕೊಂಡು ಇರುತ್ತಿತ್ತು.

ಪ್ರತಿ ಚುನಾವಣೆಗೂ ಮೀಸಲಾತಿ ಸರದಿ ಬದಲಾಗುತ್ತಿತ್ತು. ಒಮ್ಮೆ ಪರಿಶಿಷ್ಟ ಜಾತಿ, ಮುಂದಿನ ಬಾರಿ ಹಿಂದುಳಿದ ವರ್ಗದ ಮಹಿಳೆ, ಅದರಾಚೆ ಸಾಮಾನ್ಯ. 2010ರಲ್ಲಿ ಮಹಿಳೆಯರ ಪಾಲು ಅರ್ಧಕ್ಕೇರಿತು. ಈ ಸರದಿಯಿಂದಾಗಿ ಒಬ್ಬ ಸದಸ್ಯರು ಅದೇ ಕ್ಷೇತ್ರದಿಂದ ಮತ್ತೆ ನಿಲ್ಲುವುದು ಕಷ್ಟವಾಯಿತು, ಕೆಲಸ ಕಲಿಯುವಷ್ಟರಲ್ಲಿ ಅವಧಿ ಮುಗಿಯಿತು ಎಂಬ ದೂರು ಇತ್ತು. ದೂರಿನಲ್ಲಿ ಹುರುಳಿದೆ. ಆದರೂ ಸರದಿ ಇಲ್ಲದಿದ್ದರೆ ಎಷ್ಟೋ ಊರುಗಳಲ್ಲಿ ದಲಿತ ಹೆಣ್ಣುಮಗಳೊಬ್ಬಳು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತದ್ದನ್ನು ಊರು ನೋಡುತ್ತಲೇ ಇರಲಿಲ್ಲ. ಎರಡನ್ನೂ ತೂಗಿದರೆ ಸರದಿಯ ಕಡೆಗೇ ನನ್ನ ಮತ.

73ನೆಯ ತಿದ್ದುಪಡಿ ಕೊಟ್ಟ ದೊಡ್ಡ ವರ ಅಧಿಕಾರಕ್ಕಿಂತ ಮೊದಲು ಕಾಲನಿಯಮ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 1995ರಲ್ಲಿ ಚುನಾವಣೆ, 2000ದಲ್ಲಿ ಚುನಾವಣೆ, 2005ರ ಕೊನೆಗೆ, 2010ರ ಕೊನೆಗೆ, 2016ರ ಫೆಬ್ರುವರಿಯಲ್ಲಿ. ಸರ್ಕಾರಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು, ಈ ಸರಪಳಿ ಮಾತ್ರ ತುಂಡಾಗಲಿಲ್ಲ. 1960, 1968, 1978, 1987 ಎಂಬ ಹಳೆಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ಇಪ್ಪತ್ತೊಂದು ವರ್ಷಗಳ ಬೆಲೆ ತಿಳಿಯುತ್ತದೆ.

2016ರಲ್ಲಿ ಮೈಸೂರು ಜಿಲ್ಲಾ ಪಂಚಾಯಿತಿಯಲ್ಲಿ 49 ಕ್ಷೇತ್ರಗಳಿದ್ದವು. 2021ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ರಾಜ್ಯ ಚುನಾವಣಾ ಆಯೋಗ ಹೊಸ ಗಡಿಗಳನ್ನು ಗುರುತಿಸಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಗಡಿ ಎಳೆಯುವ ಅಧಿಕಾರವನ್ನು ಚುನಾವಣಾ ಆಯೋಗದ ಕೈಯಿಂದ ತೆಗೆದು, ನಿವೃತ್ತ ಐಎಎಸ್ ಅಧಿಕಾರಿ ಎಂ. ಲಕ್ಷ್ಮೀನಾರಾಯಣ ಅಧ್ಯಕ್ಷತೆಯ ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಆಗಲೇ ಗುರುತಾಗಿದ್ದ ಕ್ಷೇತ್ರಗಳು ಕಾಗದದಲ್ಲೇ ಉಳಿದವು. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶ ಬೇಕು ಎಂಬ ಸುಪ್ರೀಂ ಕೋರ್ಟ್ ತೀರ್ಪುಗಳ ಹಿನ್ನೆಲೆಯಲ್ಲಿ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಬಂತು. ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು. ತಿದ್ದುಪಡಿ ತಂದ ಪಕ್ಷ ಅಧಿಕಾರದಿಂದ ಇಳಿದು 2023ರಲ್ಲಿ ಇನ್ನೊಂದು ಪಕ್ಷ ಬಂದ ಮೇಲೂ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಈ ವಿಷಯದಲ್ಲಿ ಪಕ್ಷಗಳ ನಡುವೆ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಸರ್ಕಾರಗಳು ಕೊಟ್ಟ ಕಾರಣಗಳಲ್ಲಿ ಸತ್ಯಾಂಶವಿಲ್ಲ ಎನ್ನಲಾರೆ. ಗಡಿ ಮತ್ತೆ ನೋಡಬೇಕಾದ ಸಂದರ್ಭ ಬಂದಿತ್ತು. 2020ರ ಕೊನೆಯಲ್ಲಿ ಮೈಸೂರಿನ ಸುತ್ತ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ನಂಜನಗೂಡು ರಸ್ತೆಯ ಕಡಕೊಳ ಇವು ಪಟ್ಟಣ ಪಂಚಾಯಿತಿಗಳಾದವು. ಅಲ್ಲಿನವರು ಗ್ರಾಮೀಣ ಮತದಾರರ ಲೆಕ್ಕದಿಂದ ಹೊರಗೆ ಹೋದರು. ಹಿಂದುಳಿದ ವರ್ಗದವರ ಪಾಲನ್ನು ಗಟ್ಟಿ ಅಂಕಿಅಂಶದ ಮೇಲೆ ನಿಲ್ಲಿಸಬೇಕೆಂಬುದೂ ಸರಿ. ಆದರೆ ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ: ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. 2006ರಲ್ಲಿ ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ, 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಗಡಿ ಗುರುತಿಸುವ ಕೆಲಸ ಬಾಕಿ ಇದೆ ಎಂಬುದು ಚುನಾವಣೆ ನಿಲ್ಲಿಸಲು ನೆಪವಾಗಬಾರದು. ಗಡಿ ತಡವಾದರೆ ಹಳೆಯ ಗಡಿಯಲ್ಲೇ ಚುನಾವಣೆ ನಡೆಸಬಹುದು. ಬನ್ನೂರು ಕ್ಷೇತ್ರ ಮೂವತ್ತು ವರ್ಷ ಹಳೆಯ ಗಡಿಯಲ್ಲೇ ನಡೆಯಿತಲ್ಲವೇ?

ಸದಸ್ಯರಿಲ್ಲದಿದ್ದರೆ ಆಗುವುದೇನು? ಜಿಲ್ಲಾ ಪಂಚಾಯಿತಿಯ ಕಚೇರಿ ನಡೆಯುತ್ತದೆ, ಸಂಬಳ ಆಗುತ್ತದೆ, ಕಡತ ಓಡಾಡುತ್ತದೆ. ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಇರುತ್ತಾರೆ, ಮೇಲೆ ಆಡಳಿತಾಧಿಕಾರಿ ಇರುತ್ತಾರೆ. ಅವರಲ್ಲಿ ಪ್ರಾಮಾಣಿಕರು, ಶ್ರಮಜೀವಿಗಳು ಬೇಕಾದಷ್ಟು ಮಂದಿ. ಇಲ್ಲದಿರುವುದು ಸಾಮಾನ್ಯ ಸಭೆ. ದೊಡ್ಡಕವಲಂದೆಯ ಕಡೆಯ ಒಂದು ಅಂಗನವಾಡಿಯ ಚಾವಣಿ ಸೋರುತ್ತಿದೆ ಎನ್ನಿ. ಗ್ರಾಮ ಪಂಚಾಯಿತಿಯ ಕೈಯಲ್ಲಿ ಅಷ್ಟು ಹಣವಿಲ್ಲ. ಶಾಸಕರಿಗೆ ಇಡೀ ಕ್ಷೇತ್ರದ ನೂರು ತಲೆನೋವು. ನಡುವಿನ ಹಂತದಲ್ಲಿ, ಮೈಸೂರಿನ ಸಭಾಂಗಣದಲ್ಲಿ ಎದ್ದು ನಿಂತು, ಮಹಿಳಾ ಮತ್ತು ಮಕ್ಕಳ ಇಲಾಖೆಯ ಉಪನಿರ್ದೇಶಕರ ಎದುರಿಗೇ ಕಟ್ಟಡದ ಹೆಸರು ಹೇಳಿ ಉತ್ತರ ಕೇಳುವವರು ಇರುತ್ತಿದ್ದರು. ಆ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತಿತ್ತು, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಬರಬೇಕಿತ್ತು. 2021ರ ನಂತರ ಆ ಪ್ರಶ್ನೆ ಕೇಳುವ ಹಕ್ಕುಳ್ಳವರು ಯಾರೂ ಉಳಿಯಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ಹಳ್ಳಿ ರಸ್ತೆ, ಕುಡಿಯುವ ನೀರು, ವಿದ್ಯಾರ್ಥಿನಿಲಯ ಎಲ್ಲಕ್ಕೂ ಇದೇ ಮಾತು.

ಹಾಗಾದಾಗ ಎಲ್ಲವೂ ಶಾಸಕರ ಮನೆಬಾಗಿಲಿಗೆ ಬಂದು ನಿಲ್ಲುತ್ತವೆ. ಶಾಸಕರ ಹಿಂಬಾಲಕರಿಗೆ ಬಲ ಬರುತ್ತದೆ. ಆಶ್ರಯ ಮನೆಯ ಪಟ್ಟಿಯಿಂದ ಕೊಳವೆಬಾವಿಯವರೆಗೆ ಯಾರ ಹೆಸರು ಸೇರಬೇಕೆಂದು ಯಾವ ಮತವನ್ನೂ ಪಡೆಯದವರು ಹೇಳತೊಡಗುತ್ತಾರೆ. ಹೋಬಳಿ ಮಟ್ಟದಲ್ಲಿ ಎದುರು ಪಕ್ಷದವರೊಬ್ಬರು ಗೆದ್ದು ಕೂತಿದ್ದರೆ ಇದಕ್ಕೆ ತಡೆ ಇರುತ್ತಿತ್ತು. ಬನ್ನೂರಿನಂಥ ಹೋಬಳಿಗಂತೂ ಇದು ಎರಡು ಏಟು: ಮೇಲಿನ ಕ್ಷೇತ್ರ 2008ರಲ್ಲಿ ಹೋಯಿತು, ಕೆಳಗಿನವು 2021ರಿಂದ ಬರಿದಾದವು.

ಇನ್ನು ಮುಂದಿನ ಮಾತು. ಹೊಸ ಜನಗಣತಿಗೆ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. 2026ರ ನಂತರದ ಮೊದಲ ಜನಗಣತಿಯವರೆಗೆ ಎಂದು ಕಟ್ಟಿಹಾಕಿದ್ದ ವಿಧಾನಸಭಾ ಸ್ಥಾನಗಳ ಗಂಟು ಅಲ್ಲಿಗೆ ಸಡಿಲವಾಗುತ್ತದೆ. ಪಂಚಾಯಿತಿ ಕ್ಷೇತ್ರಗಳನ್ನೂ ಹೊಸ ಅಂಕಿಗೆ ತಕ್ಕಂತೆ ನೋಡಬೇಕಾಗುತ್ತದೆ. ಒಮ್ಮೆ ಅಂತಿಮ ಆದೇಶ ಹೊರಬಿದ್ದ ಮೇಲೆ ನ್ಯಾಯಾಲಯದಲ್ಲಿ ಪ್ರಶ್ನಿಸುವ ದಾರಿ ಬಹಳ ಕಿರಿದು. ವಿಧಾನಸಭೆಗೆ 329ನೆಯ ವಿಧಿ, ಪಂಚಾಯಿತಿಗೆ 243ಓ ವಿಧಿ ಆ ಬಾಗಿಲನ್ನು ಮುಚ್ಚುತ್ತವೆ. ಆದ್ದರಿಂದ ಹಳ್ಳಿಯವರು ಮಾತಾಡಬೇಕಾದ ಹೊತ್ತು ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗಿನ ಆ ಕೆಲವೇ ದಿನಗಳು. ಪ್ರಾಯಶಃ ಪೈರು ಕಟಾವಿನ ಹೊತ್ತಿಗೋ ಜಾತ್ರೆಯ ಹೊತ್ತಿಗೋ ಬಂದು, ತಿಳಿಯುವಷ್ಟರಲ್ಲಿ ಮುಗಿದುಹೋಗುವ ದಿನಗಳು.

ಅದಕ್ಕೆ ಈಗಿನಿಂದಲೇ ಸಿದ್ಧರಾಗಬಹುದು. ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿಡಿ: ನಮ್ಮ ಊರಿನ ಜನ ಸಂತೆಗೆ ಎಲ್ಲಿಗೆ ಹೋಗುತ್ತಾರೆ, ಮಕ್ಕಳು ಹೈಸ್ಕೂಲಿಗೆ ಯಾವ ಊರಿಗೆ ಹೋಗುತ್ತಾರೆ, ನೀರು ಯಾವ ನಾಲೆಯದು, ನಡುವೆ ಹೊಳೆ ಇದೆಯೇ, ಸೇತುವೆ ಎಷ್ಟು ದೂರ, ನೇರ ಬಸ್ಸು ಯಾವ ಊರಿಗಿದೆ. ಹಿಂದೆ ಯಾವ ಯಾವ ಕ್ಷೇತ್ರದಲ್ಲಿದ್ದೆವು, ಯಾವ ವರ್ಷ ಎಲ್ಲಿಗೆ ಸೇರಿಸಿದರು ಎಂಬುದನ್ನು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ತಾಲ್ಲೂಕು ಬೋರ್ಡಿನ, ಮಂಡಲದ ಹಳೆಯ ನಡಾವಳಿ ಪುಸ್ತಕಗಳು ಎಲ್ಲಾದರೂ ಉಳಿದಿದ್ದರೆ ಗೆದ್ದಲು ಹಿಡಿಯುವ ಮೊದಲು ಅವುಗಳ ನಕಲು ಮಾಡಿಸಿ. ಕರಡು ಬಂದ ದಿನ ನಕ್ಷೆಯಲ್ಲಿ ನಿಮ್ಮ ಊರಿನ ಹೆಸರು ಯಾವ ಕ್ಷೇತ್ರದ ಕೆಳಗಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ನೋಡಿ, ಒಪ್ಪಿಗೆ ಇಲ್ಲದಿದ್ದರೆ ಠರಾವಿನ ಪ್ರತಿಯೊಂದಿಗೆ ಆಕ್ಷೇಪಣೆ ಬರೆದು ಗಡುವಿನೊಳಗೆ ಕೊಡಿ, ಕೊಟ್ಟದ್ದಕ್ಕೆ ದಿನಾಂಕ ಹಾಕಿದ ಸ್ವೀಕೃತಿ ಪಡೆಯಿರಿ.